ಚಾದರದಕ್ಕನ ಎಡಗೈ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಾಯ್ಲರ್ ಕೋಣೆಯ ಪಕ್ಕಕ್ಕೆ ಬಟ್ಟೆ ವಿಭಾಗವಿದೆ. ಬೆಳಿಗ್ಗೆ ಏಳಕ್ಕೆ ಎಲ್ಲ ವಾರ್ಡುಗಳಿಂದ ಮಲಿನ ಬಟ್ಟೆಯ ಚೀಲಗಳು ಅಲ್ಲಿಗೆ ಬಂದು ಬೀಳುತ್ತವೆ. ಚೀಲದ ಬಾಯಿ ಬಿಚ್ಚಿದಾಗ ಏಳುವ ವಾಸನೆಗೆ, ಹಳೆಯ ಕಡತ ಹುಡುಕಿಕೊಂಡು ಅಲ್ಲಿಗೆ ಇಳಿದ ಮೊದಲ ದಿನ ನಾನು ಗೋಡೆ ಹಿಡಿದು ನಿಂತುಬಿಟ್ಟಿದ್ದೆ. ರಕ್ತ, ಕೀವು, ವಾಂತಿ, ಹೆಸರಿಡಲಾಗದ ಇನ್ನೇನೇನೋ.

"ಇದೇನು ಹೇಸಿಗೆ ತಮ್ಮಾ?" ಎಂದು ಅಲ್ಲಿದ್ದ ಹೆಂಗಸು ನಕ್ಕಿದ್ದರು. "ಇದು ಮನುಷ್ಯನ ಒಳಗಿಂದ ಬಂದದ್ದು. ನೀರು ಹಾಕಿದ್ರೆ ಹೋಗುತ್ತೆ. ಮೂಗು ಬಿಟ್ಟು ಉಸಿರಾಡು."

ಅವರೇ ಚಾದರದಕ್ಕ. ಇಡೀ ಆಸ್ಪತ್ರೆ ಅವರನ್ನು ಹಾಗೇ ಕರೆಯುತ್ತದೆ. ವಯಸ್ಸು ಐವತ್ತು. ಅದರಲ್ಲಿ ಮೂವತ್ತೊಂದು ವರ್ಷ ಈ ಕೋಣೆಯಲ್ಲೇ ಕಳೆದದ್ದು. ಕಲೆ ನೋಡಿದರೆ ಅದು ಯಾವ ವಾರ್ಡಿನದು, ಏನಾಗಿರಬಹುದು ಎಂದು ಹೇಳಬಲ್ಲರು. ರಕ್ತದ ಬಟ್ಟೆಯನ್ನು ಮೊದಲು ತಣ್ಣೀರಿಗೆ ಹಾಕಬೇಕು, ಬಿಸಿನೀರಿಗೆ ಹಾಕಿದರೆ ರಕ್ತ ಬೆಂದು ನೂಲಿಗೆ ಕಚ್ಚಿಕೊಳ್ಳುತ್ತದೆ. ಹೊಸಬರು ಈ ತಪ್ಪು ಮಾಡದೆ ಇರುವುದಿಲ್ಲ. ಚಾದರದಕ್ಕ ಬೈಯದೆ ಇರುವುದಿಲ್ಲ.

ಅವರ ಮೇಜಿನ ಮೇಲೆ ಒಂದು ದಪ್ಪ ಪುಸ್ತಕವಿದೆ. ಪ್ರತಿ ವಾರ್ಡಿಗೂ ಒಂದು ಪುಟ, ಪ್ರತಿ ಪುಟದಲ್ಲೂ ನಾಲ್ಕು ಅಂಕಣ: ಹೋದದ್ದು, ಬಂದದ್ದು, ಹರಿದದ್ದು, ಸಿಗದೆ ಇದ್ದದ್ದು. ಕೊನೆಯ ಮೂರನ್ನು ಕೂಡಿದರೆ ಮೊದಲನೆಯದು ಬರಬೇಕು. ಒಂದು ದಿಂಬಿನ ಚೀಲ ಕಡಿಮೆಯಾದರೂ ಅವರು ಆರು ಮಹಡಿ ಹತ್ತಿ ಹೋಗಿ ಕೇಳುತ್ತಿದ್ದರು. ದಾದಿಯರು ಅವರನ್ನು ಕಂಡರೆ ಮಂಚದ ಕೆಳಗೆ ಬಗ್ಗಿ ನೋಡತೊಡಗುತ್ತಿದ್ದರು.

ಇನ್ನೊಂದು ವಿಷಯಕ್ಕೂ ಅವರು ಆಸ್ಪತ್ರೆಗೆಲ್ಲ ಗೊತ್ತು. ಅವರ ಎಡಗೈಯಲ್ಲಿ ನಾಡಿ ಸಿಗುವುದಿಲ್ಲ.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಹಿತ್ತಲಿನ ತಂತಿಗೆ ಒದ್ದೆ ಚಾದರ ಹಾಕಲು ಕೈ ಎತ್ತಿದರೆ ಎಡಗೈ ಸೋತು ಬೀಳುತ್ತಿತ್ತು. ಸಣ್ಣ ಜ್ವರ ಬಿಡುತ್ತಿರಲಿಲ್ಲ. ಮೈ ಕಡ್ಡಿಯಾಯಿತು. ಒಬ್ಬ ಡಾಕ್ಟರು ರಕ್ತ ಕಮ್ಮಿ ಎಂದರು, ಇನ್ನೊಬ್ಬರು ಮನಸ್ಸಿನದು ಎಂದರು. ಮನೆಯಲ್ಲಿ ಅತ್ತೆ ಮೈಗಳ್ಳತನ ಎಂದರು. ಒಂದು ದಿನ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕೂತಾಗ ದಾದಿಯೊಬ್ಬಳು ಮಣಿಕಟ್ಟು ಹಿಡಿದು, ಬಿಟ್ಟು, ಮತ್ತೆ ಹಿಡಿದು ಬಿಳಿಚಿಕೊಂಡಳಂತೆ. ಇದೇ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುವ ಅವರ ಗಂಡ ಆ ಕಥೆಯನ್ನು ಈಗಲೂ ಹೇಳುತ್ತಾರೆ: "ನಾಡಿ ಇಲ್ಲ ಅಂದ್ಲು. ಇವಳು ನೋಡಿದ್ರೆ ಅವಳನ್ನೇ ಬೈತಾ ಕೂತಿದ್ಲು, ನನ್ನ ಚಾದರ ನೆಲಕ್ಕೆ ಬಿತ್ತು ಅಂತ. ಸತ್ತವರು ಅಷ್ಟು ಜೋರಾಗಿ ಬೈತಾರೇನ್ರೀ?"

ಕಾಯಿಲೆಯ ಹೆಸರು ಟಕಯಾಸು. ದೇಹದ ದೊಡ್ಡ ರಕ್ತನಾಳಗಳ ಗೋಡೆಗೆ ಉರಿಯೂತ ಬಂದು, ಗೋಡೆ ದಪ್ಪವಾಗಿ, ಒಳಗಿನ ದಾರಿ ಕಿರಿದಾಗುತ್ತದೆ. ತೀರಾ ಅಪರೂಪದ್ದು, ಬರುವುದು ಹೆಚ್ಚಾಗಿ ಎಳೆಯ ಹೆಂಗಸರಿಗೆ. ಆಗ ಈ ಆಸ್ಪತ್ರೆಯಲ್ಲಿ ಅದನ್ನು ಬಲ್ಲವರು ಒಬ್ಬರೇ. ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಅವರು ಈ ಕಾಯಿಲೆಯವರಿಗೆಂದೇ ಪ್ರತಿ ಗುರುವಾರ ಒಂದು ಕ್ಲಿನಿಕ್ ತೆರೆದರು. ಅದರ ಪುಸ್ತಕದ ಮೊದಲ ಹೆಸರು ಚಾದರದಕ್ಕನದು, ಎರಡನೆಯದು ಒಬ್ಬ ಟೈಪಿಸ್ಟಳದು.

ದೊಡ್ಡ ಡಾಕ್ಟರು ಚಾದರದಕ್ಕನಿಗೆ ಮೊದಲ ದಿನವೇ ಹೇಳಿದ್ದರು: "ನೋಡಮ್ಮಾ, ನಿನ್ನ ಎಡಗೈ ಸುಳ್ಳು ಹೇಳುತ್ತೆ. ನಾಳ ಕಿರಿದಾಗಿರೋದ್ರಿಂದ ಅಲ್ಲಿ ಬಿಪಿ ಕಮ್ಮಿ ತೋರಿಸುತ್ತೆ. ಒಳಗಿರೋ ನಿಜವಾದ ಬಿಪಿ ಬಲಗೈಲಿ ಗೊತ್ತಾಗುತ್ತೆ, ಅದು ಜಾಸ್ತಿ ಇದೆ. ಯಾರು ಬಿಪಿ ನೋಡೋಕೆ ಬಂದ್ರೂ ಬಲಗೈ ಕೊಡು. ಜಗಳ ಆಡಿಯಾದ್ರೂ ಕೊಡು."

"ಜಗಳ ನಂಗೆ ಕಷ್ಟ ಅಲ್ಲ ಡಾಕ್ಟ್ರೇ," ಎಂದಿದ್ದರಂತೆ ಇವರು.

ದೊಡ್ಡ ಡಾಕ್ಟರದು ಇನ್ನೊಂದು ಕ್ರಮವಿತ್ತು. ಹೊಸ ರೋಗಿ ಬಂದ ದಿನ ಅವಳ ಕೈಗೆ ನಾಲ್ಕು ಅಂಚೆ ಕಾರ್ಡು ಕೊಡುತ್ತಿದ್ದರು. ಅವು ಮಡಚುವ ಜೋಡಿ ಕಾರ್ಡುಗಳು. ಒಂದು ಭಾಗದ ಮೇಲೆ ಅವಳೇ ತನ್ನ ಕೈಯಾರೆ ತನ್ನ ಮನೆಯ ವಿಳಾಸ ಬರೆಯಬೇಕು. ಇನ್ನೊಂದರ ಮೇಲೆ ಕ್ಲಿನಿಕ್ಕಿನ ವಿಳಾಸ ಅಚ್ಚಾಗಿರುತ್ತಿತ್ತು. ಕಾರ್ಡುಗಳು ಅವಳ ಕಡತದಲ್ಲೇ ಇರುತ್ತಿದ್ದವು. ಎರಡು ಸಲ ಬರುವುದು ತಪ್ಪಿದರೆ ಒಂದು ಕಾರ್ಡು ಹೋಗುತ್ತಿತ್ತು: ಹೇಗಿದ್ದೀರಿ, ಬರೆದು ತಿಳಿಸಿ. ತನ್ನದೇ ಕೈಬರಹ ಕಂಡ ಕಾಗದವನ್ನು ಯಾರೂ ಓದದೆ ಎಸೆಯುವುದಿಲ್ಲ ಎಂಬುದು ಅವರ ನಂಬಿಕೆ. ಉತ್ತರ ಬರುತ್ತಿತ್ತು. ಕೆಲವೊಮ್ಮೆ ಅಣ್ಣನಿಂದ, ಗಂಡನಿಂದ: ಅವಳು ಹೋಗಿಬಿಟ್ಟಳು. ಆ ಸಾವೂ ಪುಸ್ತಕಕ್ಕೆ ಏರುತ್ತಿತ್ತು.

ಟೈಪಿಸ್ಟ್ ಮಾತ್ರ ಕಾರ್ಡುಗಳನ್ನು ಮನೆಗೆ ಒಯ್ದು ವಿಳಾಸವನ್ನು ಟೈಪು ಮಾಡಿ ತಂದಿದ್ದಳು. ಅವಳ ಯಂತ್ರದಲ್ಲಿ ಸೊನ್ನೆ ಸಾಲಿಗಿಂತ ಒಂಚೂರು ಮೇಲೆ ಬೀಳುತ್ತಿತ್ತು. "ನನ್ನ ಸೊನ್ನೆಗೂ ಉಸಿರು ಕಟ್ಟುತ್ತೆ, ಮೇಲೆ ಎದ್ದು ಬರುತ್ತೆ," ಎಂದು ನಗುತ್ತಿದ್ದಳಂತೆ. ಗುರುವಾರದ ಬೆಂಚಿನ ಮೇಲೆ ಇಬ್ಬರೂ ಪಕ್ಕಪಕ್ಕ ಕೂತು ಹದಿನೈದು ವರ್ಷ ಕಳೆದರು. ಮಾತ್ರೆಯಿಂದ ಮುಖ ಊದಿಕೊಂಡ ವರ್ಷ ಚಾದರದಕ್ಕ ಕನ್ನಡಿ ನೋಡುವುದನ್ನೇ ಬಿಟ್ಟಿದ್ದರು. "ಹುಣ್ಣಿಮೆ ಬಂದಿದೆ ಕಣೇ, ಅಮಾವಾಸ್ಯೆಯೂ ಬರುತ್ತೆ ಬಿಡು," ಎಂದವಳು ಅವಳು. ಪರೀಕ್ಷೆಯ ದಿನ ಇಬ್ಬರನ್ನೂ ಮಂಚದ ಮೇಲೆ ಕೂರಿಸಿ ಸಾಲುಸಾಲು ವಿದ್ಯಾರ್ಥಿಗಳಿಂದ ಮಣಿಕಟ್ಟು ಹಿಡಿಸುತ್ತಿದ್ದರು. ಬೆವರಿದ ಬೆರಳುಗಳು ನಾಡಿ ಹುಡುಕುತ್ತಾ ಹೋಗುವಾಗ ಟೈಪಿಸ್ಟ್ ಗುಟ್ಟಾಗಿ, "ಇಲ್ಲ ಅಂತ ಹೇಳಪ್ಪಾ, ಪಾಸಾಗ್ತೀಯಾ," ಎನ್ನುತ್ತಿದ್ದಳಂತೆ.

ದೊಡ್ಡ ಡಾಕ್ಟರು ನಿವೃತ್ತರಾಗಿ ಹನ್ನೆರಡು ವರ್ಷವಾಯಿತು. ಹೊಸ ಮುಖ್ಯಸ್ಥರು ಬಂದರು. ಕಾರ್ಡು ಹಾಕುವುದು ನಿಂತಿತು. ಯಾರೂ ನಿಲ್ಲಿಸಿ ಎನ್ನಲಿಲ್ಲ. ಹಾಕುತ್ತಿದ್ದವರು ಹೋದರು, ಅಷ್ಟೇ.

ನಾನು ಈ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದು ಎರಡು ವರ್ಷದ ಹಿಂದೆ, ಗುರುವಾರದ ಕ್ಲಿನಿಕ್ಕಿನ ಹಳೆಯ ಕಡತಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವುದಕ್ಕೆ. ಇಪ್ಪತ್ತಾರು ವರ್ಷಗಳಲ್ಲಿ ಈ ಕಾಯಿಲೆಯವರ ಗತಿ ಹೇಗೆ ಬದಲಾಯಿತು ಎಂಬ ದೊಡ್ಡ ವರದಿ ತಯಾರಾಗುತ್ತಿತ್ತು. ಮುಖ್ಯಸ್ಥರು ನನಗೊಂದು ನಿಯಮ ಕೊಟ್ಟರು: ಎರಡು ವರ್ಷ ಬಾರದೆ ಇದ್ದವರನ್ನು 'ಬರುವುದನ್ನು ಬಿಟ್ಟವರು' ಎಂದು ಗುರುತಿಸಿ ಲೆಕ್ಕದಿಂದ ತೆಗೆ. ಕಲಿತವರು ಹೇಳಿದ್ದು ಸರಿಯಿರುತ್ತದೆಂದು ನಾನು ತೆಗೆದೆ. ನಲವತ್ತಮೂರು ಹೆಸರು.

ವರ್ಷವರ್ಷದ ಸಾವಿನ ಲೆಕ್ಕವನ್ನು ಗ್ರಾಫಿಗೆ ಹಾಕಿದಾಗ ಗೆರೆ ಬಂತು. ಮೊದಲ ಹದಿನಾಲ್ಕು ವರ್ಷಗಳಲ್ಲಿ ಮೂವತ್ತೊಂದು ಸಾವು. ಆಮೇಲಿನ ಹನ್ನೆರಡು ವರ್ಷಗಳಲ್ಲಿ ಎರಡೇ ಎರಡು, ಅದೂ ಇದೇ ಆಸ್ಪತ್ರೆಯ ಮಂಚದ ಮೇಲೆ ಆದವು. ಗೆರೆ ಬಂಡೆಯಿಂದ ಬಿದ್ದ ಹಾಗೆ ಇಳಿದು ನೆಲಕ್ಕೆ ಅಂಟಿಕೊಂಡಿತ್ತು. ಮುಖ್ಯಸ್ಥರು ಅದನ್ನು ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟರು. "ಬಣ್ಣ ಹಸಿರು ಮಾಡು," ಎಂದರು. "ಇನ್ನೂ ಸ್ವಲ್ಪ ಹಸಿರು." ಅದೇ ಸಂಜೆ ಆಡಳಿತಕ್ಕೆ ಒಂದು ಪತ್ರ ಹೋಯಿತು: ಫಲಿತಾಂಶ ಇಷ್ಟು ಚೆನ್ನಾಗಿರುವುದರಿಂದ ಈ ರೋಗಿಗಳಿಗೆ ಪ್ರತ್ಯೇಕ ಕ್ಲಿನಿಕ್ ಬೇಕಿಲ್ಲ. ಮುಂದಿನ ತಿಂಗಳಿನಿಂದ ಅವರನ್ನು ಸಾಮಾನ್ಯ ವಿಭಾಗದ ಹಾಲಿಗೆ ಕಳಿಸಬಹುದು. ಅದನ್ನು ಬೆರಳಚ್ಚು ಮಾಡಿದವನೂ ನಾನೇ.

ವರದಿ ಬಿಡುಗಡೆಗೆ ಮೂರು ವಾರ ಇರುವಾಗ ಚಾದರದಕ್ಕ ಸಭಾಂಗಣದ ಮೇಜುಗಳನ್ನು ಎಣಿಸಲು ಬಂದರು, ಎಷ್ಟು ಬಟ್ಟೆ ಬೇಕೆಂದು ನೋಡಲು. ನಾನು ಸರಿಯಾಗಿ ಕಾಣುತ್ತದೆಯೇ ಎಂದು ಹಾಕಿ ನೋಡುತ್ತಿದ್ದ ಗೆರೆ ಪರದೆಯ ಮೇಲಿತ್ತು. ಇದೇನು ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ವಿವರಿಸಿದೆ, ಆಡಳಿತಕ್ಕೆ ಹೋದ ಪತ್ರದ ವಿಷಯವನ್ನೂ. ಅವರು ಬಹಳ ಹೊತ್ತು ನೋಡಿದರು.

"ಇದರಲ್ಲಿ ಟೈಪಿಸ್ಟ್ ಎಲ್ಲಿದ್ದಾಳೆ?"

ನಾನು ಹುಡುಕಿ ಹೇಳಿದೆ: "ಬರುವುದನ್ನು ಬಿಟ್ಟವರು ಅಕ್ಕಾ. ಲೆಕ್ಕದಲ್ಲಿಲ್ಲ."

"ಬಿಟ್ಟವಳಾ? ಅವಳು ಸತ್ತು ಹನ್ನೊಂದು ವರ್ಷ ಆಯ್ತು!"

ಆಫೀಸಿನವರು ಟೈಪಿಸ್ಟಳನ್ನು ದೂರದ ಪಟ್ಟಣಕ್ಕೆ ವರ್ಗ ಮಾಡಿದ್ದರು. ಬರಲು ಹೋಗಲು ಎರಡು ದಿನ, ರಜೆ ಸಿಗಲಿಲ್ಲ. ಅಲ್ಲಿನ ಡಾಕ್ಟರೊಬ್ಬರು ನಾಡಿ ಸಿಗದ ಎಡಗೈಗೇ ಬಿಪಿ ಪಟ್ಟಿ ಸುತ್ತಿ, ಬಿಪಿ ತುಂಬಾ ಕಮ್ಮಿಯಿದೆ ಎಂದು ಮಾತ್ರೆ ನಿಲ್ಲಿಸಿದರು. ಮೆದು ಸ್ವಭಾವದವಳು, ಡಾಕ್ಟರ ಎದುರು ಕೈ ಬದಲಿಸಲು ಸಂಕೋಚಪಟ್ಟಳು. ಮೂರನೆಯ ವಾರ ಮೆದುಳಿನಲ್ಲಿ ರಕ್ತನಾಳ ಒಡೆಯಿತು. ಚಾದರದಕ್ಕ ಮಣ್ಣಿಗೆ ಹೋಗಿ ಬಂದಿದ್ದರು. ಬಂದವರೇ ಕ್ಲಿನಿಕ್ಕಿನ ಕಿಟಕಿಯಲ್ಲಿ ವಿಷಯ ಹೇಳಿದ್ದರು. ಒಳಗಿದ್ದವನು ತಲೆ ಎತ್ತದೆ, "ಮರಣ ಪತ್ರ ತನ್ನಿ, ಬರ್ಕೋತೀವಿ," ಎಂದಿದ್ದನಂತೆ.

"ತಮ್ಮಾ, ಒಂದು ಮಾತು ಹೇಳು," ಎಂದರು ಚಾದರದಕ್ಕ. ದನಿ ಏರಲಿಲ್ಲ. "ನಾನು ವಾರ್ಡಿಗೆ ನೂರು ಚಾದರ ಕಳಿಸಿ, ಅರವತ್ತು ವಾಪಸ್ ಬಂದ್ರೆ, ಅರವತ್ತಕ್ಕೆ ಅರವತ್ತೂ ಚೊಕ್ಕಟ, ಒಂದೂ ಹರಿದಿಲ್ಲ ಅಂತ ಬರೆದ್ರೆ ನನ್ನ ಏನು ಮಾಡ್ತಾರೆ?"

"ಕೆಲಸದಿಂದ ತೆಗೀತಾರೆ."

"ನಿಮ್ಮನ್ನ?"

ಗೆರೆಯನ್ನು ಮತ್ತೆ ನೋಡಿದೆ. ಅದು ಬಿದ್ದ ವರ್ಷ ಯಾವುದೆಂದು ಅಷ್ಟು ದಿನ ನಾನು ಯೋಚಿಸಿಯೇ ಇರಲಿಲ್ಲ. ದೊಡ್ಡ ಡಾಕ್ಟರು ಹೋದ ವರ್ಷ, ಕಾರ್ಡು ನಿಂತ ವರ್ಷ. ಕೇಳುವುದನ್ನು ಬಿಟ್ಟ ಮೇಲೆ ಸಾಯುವುದೂ ನಿಂತಿತ್ತು. ಎರಡು ವರ್ಷ ನಾನು ಕಣ್ಣು ನೋಯುವಷ್ಟು ಶ್ರದ್ಧೆಯಿಂದ ಕಟ್ಟಿದ್ದು ಇದನ್ನು. ನೆಲಮಾಳಿಗೆಯ ಚೀಲಗಳ ವಾಸನೆ ಇದರ ಮುಂದೆ ಏನೂ ಅಲ್ಲ ಎನಿಸಿತು.

"ಈ ಹಸಿರು ಗೆರೆ ನೋಡಿ ನಮ್ಮನ್ನ ಸಾಮಾನ್ಯ ವಿಭಾಗದ ಹಾಲಿಗೆ ಕಳಿಸ್ತಾರೆ," ಎಂದರು ಅವರು. "ಅಲ್ಲಿ ದಿನಕ್ಕೊಬ್ಬ ಹೊಸ ಡಾಕ್ಟ್ರು, ಮುನ್ನೂರು ಜನ. ಯಾವ ಕೈ ಅಂತ ಯಾರು ಕೇಳ್ತಾರೆ? ನಾನು ಬಾಯಿಬಡುಕಿ, ಬದುಕ್ಕೊಳ್ತೀನಿ. ಹೋದ ತಿಂಗಳು ಬಂದಳಲ್ಲ ಒಬ್ಬ ಹುಡುಗಿ, ಹತ್ತೊಂಬತ್ತು ವರ್ಷದವಳು, ಬಾಯಿ ಬಿಟ್ಟು ಹೆಸರು ಹೇಳೋಕೂ ಹೆದರ್ತಾಳೆ. ಅವಳ ಗತಿ?"

ಅಂದೇ ನಲವತ್ತಮೂರು ಕಡತಗಳನ್ನು ತೆಗೆದೆವು. ಮೂವತ್ತೇಳರಲ್ಲಿ ಕಾರ್ಡುಗಳು ಹಾಗೇ ಇದ್ದವು. ಅಂಚು ಹಳದಿಯಾಗಿತ್ತು. ಒಬ್ಬಳ ಗುಂಡು ಅಕ್ಷರ, ಇನ್ನೊಬ್ಬಳ ಓರೆ ಅಕ್ಷರ. ಟೈಪಿಸ್ಟಳ ಕಡತದಲ್ಲಿ ಮೂರು ಉಳಿದಿದ್ದವು, ಮೇಲೆದ್ದ ಸೊನ್ನೆಗಳ ಸಮೇತ. ಚಾದರದಕ್ಕ ಅದರ ಮೇಲೆ ಹೆಬ್ಬೆರಳು ಸವರಿ ಪಕ್ಕಕ್ಕಿಟ್ಟರು. ಅಂಚೆ ದರ ಏರಿದ್ದರಿಂದ ಉಳಿದವಕ್ಕೆ ಕೊರತೆಯಾದಷ್ಟು ಸ್ಟಾಂಪು ಅಂಟಿಸಿ ಅಂಚೆ ಪೆಟ್ಟಿಗೆಗೆ ಹಾಕಿದೆವು. ಕಾರ್ಡಿಲ್ಲದ ಆರು ಮನೆಗಳಿಗೆ ನಾನು ಬರೆದೆ.

ಉತ್ತರಗಳು ಬರತೊಡಗಿದವು. ಒಬ್ಬಳು ಆರಾಮವಾಗಿದ್ದಾಳೆ, ಬೇರೆ ಊರಲ್ಲಿ ತೋರಿಸುತ್ತಿದ್ದಾಳೆ. ಒಬ್ಬಳ ಮಗಳು ಬರೆದಿದ್ದಳು: 'ಅಮ್ಮನಿಗೆ ಒಂದು ಕಣ್ಣು ಹೋಗಿದೆ, ಕರೆದುಕೊಂಡು ಬರಬಹುದೆ?' ಒಬ್ಬ ತಮ್ಮ: 'ಅಕ್ಕ ತೀರಿಕೊಂಡು ಆರು ವರ್ಷ. ಈಗ ಕೇಳುತ್ತಿದ್ದೀರಿ.' ಇನ್ನೊಂದನ್ನು ನಾನು ಮರೆಯಲಾರೆ: 'ಅವಳ ಕೈಬರಹ ಕಂಡು ಅಮ್ಮ ಎರಡು ದಿನದಿಂದ ಊಟ ಮಾಡಿಲ್ಲ. ನಿಮಗೆ ನಾಚಿಕೆ ಆಗಬೇಕು. ಇನ್ನು ಮುಂದೆ ಏನನ್ನೂ ಕಳಿಸಬೇಡಿ.'

ಚಾದರದಕ್ಕ ಅದನ್ನು ಎರಡು ಸಲ ಓದಿದರು. "ಸರಿಯಾಗೇ ಬೈದಿದ್ದಾರೆ," ಎಂದರು. "ಹಸಿಯಾಗಿರುವಾಗಲೇ ಕೇಳ್ಬೇಕಿತ್ತು. ಈಗ ಕಲೆ ಬೆಂದು ಕೂತಿದೆ."

ಬಿಡುಗಡೆಯ ಹಿಂದಿನ ದಿನಕ್ಕೆ ಇಪ್ಪತ್ತೇಳು ಉತ್ತರ ಬಂದಿದ್ದವು. ಅವರಲ್ಲಿ ಹದಿನಾಲ್ಕು ಜನ ಬದುಕಿರಲಿಲ್ಲ. ಟೈಪಿಸ್ಟ್ ಸೇರಿ ಹದಿನೈದು. ಕಾರ್ಡುಗಳ ಕಟ್ಟನ್ನು ನಾನು ಮುಖ್ಯಸ್ಥರ ಮೇಜಿನ ಮೇಲೆ ಇಟ್ಟೆ. ಅವರು ಮೇಲಿನ ಎರಡನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದರು. ಹಳೆಯ ಧೂಳು ಬೆರಳಿಗೆ ಅಂಟಿತು. ಮೇಜಿನ ಮೇಲಿದ್ದ ಬಾಟಲಿಯಿಂದ ದ್ರವ ಸುರಿದುಕೊಂಡು ಕೈ ಉಜ್ಜಿಕೊಂಡರು.

"ಅಂಚೆ ಕಾರ್ಡು ಮಾಹಿತಿ ಅಲ್ಲಪ್ಪಾ," ಎಂದರು. "ನಮ್ಮ ವಿಧಾನದಲ್ಲಿ ಇದಿಲ್ಲ. ವರದಿ ಅಚ್ಚಾಗಿದೆ. ಮುಂದಿನ ಸಲ ನೋಡೋಣ. ಆ ಬಟ್ಟೆ ವಿಭಾಗದ ಹೆಂಗಸಿಗೆ ಹೇಳು, ನಾಳೆ ವೇದಿಕೆಗೆ ಚೆನ್ನಾಗಿರೋ ಬಟ್ಟೆ ಹಾಕ್ಕೊಂಡು ಬರಲಿ. ಅವರೇ ನಮ್ಮ ಮೊದಲ ರೋಗಿ."

ಮರುದಿನ ಬೆಳಿಗ್ಗೆ ಸಭಾಂಗಣ ಹೂವಿನ ಗುಚ್ಛಗಳಿಂದ ತುಂಬಿತ್ತು. ಬಾಗಿಲಲ್ಲಿ ಬಂದವರಿಗೆಲ್ಲ ಉಚಿತ ಬಿಪಿ ಪರೀಕ್ಷೆಯ ಮೇಜು ಹಾಕಿದ್ದರು. ಸಾಮಾನ್ಯ ವಿಭಾಗದ ಎಳೆಯ ಡಾಕ್ಟರೊಬ್ಬರು ಕೂತಿದ್ದರು. ಮುಂದಿನ ತಿಂಗಳಿನಿಂದ ಗುರುವಾರದವರನ್ನು ನೋಡಬೇಕಾದವರು ಅವರೇ. ಚಾದರದಕ್ಕ ನೇರವಾಗಿ ಹೋಗಿ ಅವರ ಮುಂದೆ ಕೂತರು. ಬಟ್ಟೆಯ ತೋಳು ಮಡಚಿ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ತಾವಾಗಿಯೇ ಎಡಗೈ ಚಾಚಿದರು.

ಯಂತ್ರ ಎರಡು ಸಲ ತಪ್ಪು ತೋರಿಸಿತು. ಮೂರನೆಯ ಸಲ ತೊಂಬತ್ತಕ್ಕೆ ನಿಂತಿತು.

"ಅಮ್ಮಾ, ಬಿಪಿಗೆ ಏನಾದ್ರೂ ಮಾತ್ರೆ ತಗೋತೀರಾ?"

"ಎರಡು, ದಿನಾ."

"ಯಾರು ಕೊಟ್ಟದ್ದು! ತುಂಬಾ ಇಳಿದಿದೆ. ಇವತ್ತಿಂದಲೇ ನಿಲ್ಲಿಸಿ."

"ಬರೆದುಕೊಡಪ್ಪಾ, ನಂಗೆ ಮರೆವು."

ಅವರು ಬರೆದು, ಸಹಿ ಹಾಕಿ ಕೊಟ್ಟರು.

ವೇದಿಕೆಯ ಮೇಲೆ ಹಸಿರು ಗೆರೆ ಬೆಳಗಿತು, ಚಪ್ಪಾಳೆ ಬಿತ್ತು. ಮುಖ್ಯಸ್ಥರು ಚಾದರದಕ್ಕನ ಕೈಗೆ ಹೂಗುಚ್ಛ ಕೊಟ್ಟು, "ಇವರೇ ನಮ್ಮ ಇಪ್ಪತ್ತಾರು ವರ್ಷದ ಸಾಧನೆ, ಎರಡು ಮಾತು ಹೇಳ್ತಾರೆ," ಎಂದರು.

"ನಾನು ಸಾಧನೆ ಅಲ್ಲ ಡಾಕ್ಟ್ರೇ, ಬಟ್ಟೆ ವಿಭಾಗದವಳು," ಎಂದರು ಅವರು. ಸಭೆ ನಕ್ಕಿತು. ಅವರು ಗುಚ್ಛವನ್ನು ಕೆಳಗಿಟ್ಟು ಜೇಬಿನಿಂದ ಚೀಟಿ ತೆಗೆದರು. "ಈ ಚೀಟಿ ಈಗ ಬಾಗಿಲ ಹತ್ರ ಸಿಕ್ತು. ನನ್ನ ಬಿಪಿ ಮಾತ್ರೆ ಇವತ್ತಿಂದ ನಿಲ್ಲಿಸ್ಬೇಕಂತೆ. ಸಹಿ ಇದೆ. ನೀವೊಂದು ಸಲ ಬಲಗೈ ನೋಡಿ ಹೇಳ್ತೀರಾ, ನಿಲ್ಲಿಸ್ಲಾ ಅಂತ?"

ಮುಖ್ಯಸ್ಥರು ನಗಲು ನೋಡಿದರು. ಮುಂದಿನ ಸಾಲಿನಲ್ಲಿದ್ದ ಆಸ್ಪತ್ರೆಯ ನಿರ್ದೇಶಕರು, "ನೋಡಿ ಡಾಕ್ಟರೇ," ಎಂದರು. ಯಂತ್ರ ತರಿಸಿದರು. ಮೈಕು ತೆರೆದೇ ಇತ್ತು. ಪಟ್ಟಿ ಉಬ್ಬುವ ಸದ್ದು ಹಿಂದಿನ ಸಾಲಿಗೂ ಕೇಳಿಸಿತು. ನೂರ ಎಪ್ಪತ್ತೆರಡು.

"ನಿಲ್ಲಿಸಿದ್ರೆ ಏನಾಗುತ್ತೆ?"

ಮುಖ್ಯಸ್ಥರು ಪಟ್ಟಿ ಬಿಚ್ಚತೊಡಗಿದರು. ಅವರಿಗೆ ಗೊತ್ತಿತ್ತು. ಅದೇ ನನಗೆ ಎಲ್ಲಕ್ಕಿಂತ ಅಸಹ್ಯವೆನಿಸಿದ್ದು: ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

"ಟೈಪಿಸ್ಟ್ ಒಬ್ಬಳಿದ್ದಳು, ನನ್ನ ಜೊತೆಯವಳು," ಎಂದರು ಚಾದರದಕ್ಕ. "ಅವಳಿಗೂ ಹೀಗೇ ಒಂದು ಚೀಟಿ ಕೊಟ್ಟಿದ್ರು. ಅವಳು ನಂಬಿದಳು. ಮೂರು ವಾರಕ್ಕೆ ಹೋದಳು. ನಿಮ್ಮ ಈ ಹಸಿರಲ್ಲಿ ಅವಳಿಲ್ಲ. ಇನ್ನೂ ಹದಿನಾಲ್ಕು ಜನ ಇಲ್ಲ, ಕಾರ್ಡು ಬಂದಿವೆ, ನಿಮ್ಮ ಮೇಜಿನ ಮೇಲೇ ಇವೆ. ಈಗ ಉಳಿದವರನ್ನೂ ಆ ಬಾಗಿಲ ಹತ್ರ ಕಳಿಸ್ತೀರಂತೆ." ಅಷ್ಟೇ ಹೇಳಿ ಇಳಿದರು. ಹೋಗುವಾಗ ಬಾಗಿಲಲ್ಲಿ ಮುಖ ಬಾಡಿಸಿ ನಿಂತಿದ್ದ ಎಳೆಯ ಡಾಕ್ಟರ ತೋಳು ತಟ್ಟಿದರು. "ನಿನ್ನ ತಪ್ಪಲ್ಲ ಮಗಾ, ನಿಂಗೆ ಯಾರೂ ಹೇಳಿಲ್ಲ. ಇನ್ನು ಮೇಲೆ ಎರಡೂ ಕೈ ನೋಡು."

ಲಿಫ್ಟಿನಲ್ಲಿ ಗಂಡ ಕೇಳಿದರಂತೆ: "ಏನೇ, ಮೇಲೆ ಏನು ಮಾಡಿ ಬಂದೆ? ಇಳಿದು ಬಂದವರೆಲ್ಲ ಮಣಿಕಟ್ಟು ಹಿಡ್ಕೊಂಡಿದ್ದಾರೆ!"

ಸೋಮವಾರ ನಿರ್ದೇಶಕರ ಆದೇಶ ಬಂತು: ಗುರುವಾರದ ಕ್ಲಿನಿಕ್ ಮುಂದುವರಿಯುತ್ತದೆ. ಅಷ್ಟು ಗೆದ್ದೆವು. ವರದಿ ಮಾತ್ರ ಹಾಗೇ ಹಂಚಿಹೋಯಿತು, ಅದೇ ಗೆರೆ, ಅದೇ ಹಸಿರು. ಹದಿನೈದು ಹೆಸರುಗಳನ್ನು ನಾನು ಕಂಪ್ಯೂಟರಿನಲ್ಲಿ ತೀರಿಕೊಂಡವರ ಸಾಲಿಗೆ ಸೇರಿಸಿದ್ದೇನೆ. ಉಳಿದವರಿಗೆ ಮತ್ತೆ ಬರೆದಿದ್ದೇನೆ, ಬೇಡ ಎಂದ ಒಂದು ಮನೆಯನ್ನು ಬಿಟ್ಟು.

ಆ ಮಂಗಳವಾರ ಚಾದರದಕ್ಕ ತಮ್ಮ ದಪ್ಪ ಪುಸ್ತಕ ಹಿಡಿದು ಮುಖ್ಯಸ್ಥರ ಕೋಣೆಗೆ ಬಂದರು. ನಾನು ಅಲ್ಲೇ ಇದ್ದೆ.

"ಸಭಾಂಗಣಕ್ಕೆ ಮೇಜಿನ ಬಟ್ಟೆ ಹನ್ನೆರಡು ಕೊಟ್ಟಿದ್ದೆ ಡಾಕ್ಟ್ರೇ. ಹನ್ನೊಂದು ಬಂದಿವೆ."

"ಒಂದು ಬಟ್ಟೆ ತಾನೇ, ಬಿಟ್ಟುಬಿಡಿ."

"ಬಿಡೋಕೆ ಬರಲ್ಲ. ಎಲ್ಲಿ ಹೋಯ್ತೋ ಗೊತ್ತಿಲ್ಲ ಅಂತ ಬರೆದು ಸಹಿ ಹಾಕಿ."

ಅವರು ಪೆನ್ನು ತೆಗೆದು, ನಾಲ್ಕನೆಯ ಅಂಕಣದಲ್ಲಿ, ಸಿಗದೆ ಇದ್ದದ್ದು ಎಂಬಲ್ಲಿ, 'ಒಂದು' ಎಂದು ಬರೆದು, ಪೂರ್ತಿ ಸಹಿ ಹಾಕಿದರು. ಒಂದು ಕ್ಷಣವೂ ತಡ ಮಾಡಲಿಲ್ಲ. ಚಾದರದಕ್ಕ ಆ ಸಹಿಯನ್ನು ನೋಡಿದರು, ಆಮೇಲೆ ಮೇಜಿನ ಮೂಲೆಯಲ್ಲಿ ಇನ್ನೂ ಬಿಚ್ಚದೆ ಬಿದ್ದಿದ್ದ ಕಾರ್ಡುಗಳ ಕಟ್ಟನ್ನು ನೋಡಿದರು. ಕಟ್ಟನ್ನು ಎತ್ತಿಕೊಂಡು ಪುಸ್ತಕದ ಮೇಲಿಟ್ಟು ನಡೆದರು. ಬಾಗಿಲ ಹೊರಗೆ ಬಂದ ಮೇಲೆ, ಮೂವತ್ತೊಂದು ವರ್ಷ ಚೀಲಗಳ ಬಾಯಿ ಬಿಚ್ಚಿ ಒಮ್ಮೆಯೂ ಮೂಗು ಮುಚ್ಚದ ಆ ಹೆಂಗಸು, ಕೈಯ ಹಿಂಬದಿಯಿಂದ ಮೂಗು ಮುಚ್ಚಿಕೊಂಡರು.

"ಥೂ," ಎಂದರು. "ಬಾ ತಮ್ಮಾ, ಕೆಳಗೆ ಹೋಗೋಣ. ಅಲ್ಲಿ ಗಾಳಿ ಚೆನ್ನಾಗಿದೆ."